ಸಂಬಳದ ಒಳಮಗ್ಗುಲು

ಮಾರ್ಚ್ 3, ಸೋಮವಾರ

ಬೆಳಗ್ಗೆ ಎರಡು ಕೋಟು ಮುಗಿಯಿತು. ಬೂದು ಬಣ್ಣದ್ದರ ಮೊಣಕೈಯಲ್ಲಿ ಸಿಗರೇಟಿನ ತೂತು. ಅದೇ ಕೋಟಿನ ಒಳಹೊಲಿಗೆಯಿಂದ ನೂಲು ಎಳೆದು ನೇಯ್ದು ಮುಚ್ಚಿದೆ. ಹೊರಗಿನ ನೂಲು ಹಾಕಿದರೆ ಬಿಸಿಲಿಗೆ ಬಣ್ಣ ಬೇರೆ ಕಾಣುತ್ತದೆ. ರಫು ಕೋಣೆಯ ಹೊಸ ಹುಡುಗಿಯರಿಗೆ ಇದನ್ನು ಹೇಳಿ ಹೇಳಿ ಸಾಕಾಯಿತು. ಕೋಣನ ಮುಂದೆ ಕಿನ್ನರಿ.

ನಾನೀಗ ಲಾಂಡ್ರಿಯ ನೌಕರಳಲ್ಲ. ಡಿಸೆಂಬರಿನಲ್ಲಿ ನಿವೃತ್ತಿ. ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಫೆಬ್ರವರಿಯಲ್ಲಿ ವಾಪಸ್ ಕರೆದರು — ಹೋಟೆಲಿನ ಕೋಟುಗಳು ರಾಶಿ ಬಿದ್ದಿವೆ, ಬನ್ನಿ ಎಂದು. ಕರೆದರು, ಹೋದೆ. ನಾನಾಗಿ ಹೋಗಲಿಲ್ಲ. ಇದು ಇಲ್ಲಿ ಬರೆದಿರಲಿ.

ಇವತ್ತು ಮ್ಯಾನೇಜರು ತನ್ನ ಕೋಣೆಗೆ ಕರೆದ. ಅಂಗಿಯಲ್ಲಿ ಒಂದು ಸುಕ್ಕಿರುವುದಿಲ್ಲ, ಅದಕ್ಕೇ ನಾವೆಲ್ಲ ಅವನನ್ನು ಇಸ್ತ್ರಿ ಅನ್ನುವುದು. ಫೆಬ್ರವರಿಯ ಹಣ ಹೇಗೆ ಕೊಡಬೇಕು ಎಂಬುದು ಅವನ ಸಮಸ್ಯೆ.

"ಅಮ್ಮ, ನೀವು ಈಗ ಹೊರಗಿನವರು. ಸಂಬಳದ ಪಟ್ಟೀಲಿ ಹಾಕೋಕಾಗಲ್ಲ. ಕಾಂಟ್ರಾಕ್ಟ್ ಲೆಕ್ಕ."

"ಅಷ್ಟು ವರ್ಷ ಒಳಗಿದ್ದೋಳು ಎರಡೇ ತಿಂಗಳಲ್ಲಿ ಹೊರಗಿನವಳಾದ್ನಾ?"

"ಕಾಗದದಲ್ಲಿ ಅಮ್ಮ, ಕಾಗದದಲ್ಲಿ ಮಾತ್ರ." ಡ್ರಾಯರು ಎಳೆದು ಒಂದು ಕವರು ತೆಗೆದ. "ಇಲ್ಲಾಂದ್ರೆ ಹೀಗೆ ಕೈಗೇ ಕೊಟ್ಟುಬಿಡ್ತೀನಿ. ರಶೀದಿ ಬೇಡ, ಟ್ಯಾಕ್ಸ್ ಬೇಡ, ನಿಮಗೂ ತಲೆನೋವಿಲ್ಲ ನಮಗೂ ಇಲ್ಲ."

"ಕೈಗೆ ಕೊಟ್ಟಿದ್ದನ್ನ ನಿಮ್ಮ ಲೆಕ್ಕದಲ್ಲಿ ಏನಂತ ಬರೀತೀರಿ?"

"ಚಿಲ್ಲರೆ ಖರ್ಚು."

"ನಾನು ಚಿಲ್ಲರೆ ಖರ್ಚಲ್ಲ" ಎಂದು ಎದ್ದೆ.

ಬಾಗಿಲವರೆಗೆ ಹಿಂದೆ ಬಂದ. ಹಾಗಾದರೆ ಯಾವುದಾದರೂ ಏಜೆನ್ಸಿಯ ಮೂಲಕ ಬನ್ನಿ, ಅಥವಾ ನಿಮ್ಮದೇ ತೆರಿಗೆ ನಂಬರು ಹಾಕಿ ಬಿಲ್ಲು ಕೊಡಿ. ಅಲ್ಲಿಯವರೆಗೆ ಹಣ ತಡೆದಿರುತ್ತೇನೆ ಎಂದ. ತಡೆದುಕೊಳ್ಳಲಿ. ಕೈಗೆತ್ತಿಕೊಂಡ ಕೋಟು ಅರ್ಧಕ್ಕೆ ಬಿಡುವವಳಲ್ಲ ನಾನು. ಮಧ್ಯಾಹ್ನ ಇನ್ನೊಂದು ಮುಗಿಸಿಯೇ ಬಂದೆ.

ಮಾರ್ಚ್ 4, ಮಂಗಳವಾರ

ಊಟದ ಹೊತ್ತಿಗೆ ಮನೆಯಲ್ಲಿ ಹೇಳಿದೆ. ಮಗ ನಕ್ಕ. ಅವನೂ ಬಿಡಿ ಕೆಲಸದವನೇ — ಲಿಫ್ಟ್ ರಿಪೇರಿ. ಮೊದಲು ಕಂಪನಿಯಲ್ಲಿದ್ದ, ಮೂರು ವರ್ಷದಿಂದ ಕಾಂಟ್ರಾಕ್ಟು.

"ಇಷ್ಟೇನಾ? ನಮ್ಮ ಏಜೆನ್ಸಿಗೇ ಸೇರ್ಕೋ ಅಮ್ಮ. ನಾನು ಹೇಳ್ತೀನಿ, ಮನೆಗೇ ಬಂದು ಸಹಿ ತಗೊಂಡು ಹೋಗ್ತಾರೆ. ಕೈಗೆ ಚೆನ್ನಾಗಿ ಬರುತ್ತೆ."

"ಹೇಗೆ ಚೆನ್ನಾಗಿ ಬರುತ್ತೆ?"

"ಬರುತ್ತಮ್ಮ. ಈ ಮನೆ ಬಂದಿದ್ದು ಹೇಗೆ ಅನ್ಕೊಂಡೆ?"

ಅದು ಸರಿ. ಈ ಮನೆ, ನಾಲ್ಕನೇ ಮಹಡಿ, ಎರಡು ಕೋಣೆ, ನನ್ನ ಹೆಸರಿನಲ್ಲಿದೆ. ಮಗ ದುಡಿದು ಕೊಂಡು ನನ್ನ ಹೆಸರಿಗೆ ಬರೆಸಿದ. ಇಡೀ ಕಟ್ಟಡದಲ್ಲಿ ಬ್ಯಾಂಕಿನ ಸಾಲವಿಲ್ಲದ ಮನೆ ಇದೊಂದೇ. ಇದನ್ನು ನಾನು ಎಲ್ಲರ ಮುಂದೆಯೂ ಹೇಳಿದ್ದೇನೆ. ಹೇಳುವುದರಲ್ಲಿ ತಪ್ಪೇನಿಲ್ಲ. ನನ್ನ ತಂದೆ ಅಂಗಡಿಯಲ್ಲಿ ಉಪ್ಪನ್ನೂ ಉದ್ರಿ ತಂದವರಲ್ಲ.

ಸೊಸೆ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟಳು. ಶಾಲೆಯ ಆಫೀಸಿನಲ್ಲಿ ಕೆಲಸ ಅವಳಿಗೆ. ಮನೆಯಲ್ಲೂ ಫೈಲು ಜೋಡಿಸಿದ ಹಾಗೆಯೇ ಕೆಲಸ.

ಮಾರ್ಚ್ 6, ಗುರುವಾರ

ಗುಂಡಿಯಮ್ಮ ನನ್ನ ಪಕ್ಕದ ಮೇಜು. ಗುಂಡಿ, ಜಿಪ್ಪು, ಕೊಕ್ಕೆ ಅವಳ ಪಾಲು. ನನ್ನ ಜೊತೆಯಲ್ಲೇ ನಿವೃತ್ತಿ, ಜೊತೆಯಲ್ಲೇ ವಾಪಸ್. ಅವಳು ಆಗಲೇ ನನ್ನ ಮಗ ಇರುವ ಏಜೆನ್ಸಿಗೆ ಸೇರಿದ್ದಾಳಂತೆ. ಹಲ್ಲಿನಲ್ಲಿ ದಾರ ಕಡಿಯುತ್ತಾ ಹೇಳಿದಳು:

"ಅಕ್ಕ, ನೂರಕ್ಕೆ ತೊಂಬತ್ತು ಕೈಗೆ ಬರುತ್ತಂತೆ!"

"ತೆರಿಗೆ?"

"ಅದೆಲ್ಲ ಅವರೇ ನೋಡ್ಕೋತಾರಂತೆ."

"ಯಾವ ಕಾಗದದಲ್ಲಿ ಬರೆದಿದೆ?"

"ಓದಿ ಸಹಿ ಹಾಕೋಕೆ ನಾನೇನು ನಿಮ್ಮ ಥರ ಹೈಸ್ಕೂಲಾ ಅಕ್ಕ? ಬರುತ್ತಂತೆ ಅಂದ್ರು, ಹಾಕ್ದೆ."

"ಅಂತೆ ಅನ್ನೋದನ್ನ ಯಾವ ಬ್ಯಾಂಕು ಜಮಾ ಮಾಡ್ಕೊಳ್ಳುತ್ತೆ ನೋಡೋಣ."

"ನಿಮಗೆ ಹೊಟ್ಟೆಕಿಚ್ಚು" ಅಂದಳು. ನಕ್ಕೆವು. ಅವಳು ಹೊಲಿದ ಗುಂಡಿ ಮಾತ್ರ ಕೋಟು ಹರಿದರೂ ಕೀಳುವುದಿಲ್ಲ. ಅದನ್ನು ಒಪ್ಪಬೇಕು.

ಮಾರ್ಚ್ 9, ಭಾನುವಾರ, ಸಂಜೆ 5

ಏಜೆನ್ಸಿಯವನು ಬೆಳಗ್ಗೆ ಬಂದಿದ್ದ. ಚಿಕ್ಕ ವಯಸ್ಸು, ದೊಡ್ಡ ಬ್ಯಾಗು. ಬ್ಯಾಗಿನ ಮೇಲೆ ಬಿಚ್ಚಿದ ಛತ್ರಿಯ ಚಿತ್ರ. ಇದೇನು ಎಂದು ಕೇಳಿದೆ.

"ನಮ್ಮ ಕಂಪನಿ ಗುರುತು ಅಮ್ಮ. ಬಿಡಿ ಕೆಲಸ ಮಾಡೋರೆಲ್ಲ ನಮ್ಮ ಛತ್ರಿ ಕೆಳಗೆ. ನಿಮ್ಮ ಬಿಲ್ಲು ನಾವು ಕಳಿಸ್ತೀವಿ, ಲಾಂಡ್ರಿ ದುಡ್ಡು ನಮಗೆ ಬರುತ್ತೆ, ನಾವು ನಿಮಗೆ ಸಂಬಳ ಕೊಡ್ತೀವಿ. ಮಳೆನೂ ನಮಗೆ, ಬಿಸಿಲೂ ನಮಗೆ."

"ಛತ್ರಿ ಹಿಡಿಯೋನು ಮೊದಲು ತನ್ನ ತಲೆ ನೋಡ್ಕೋತಾನಪ್ಪ."

ಸೊಸೆ ಅಡುಗೆಮನೆಯಲ್ಲಿ ಕೆಮ್ಮಿದಳು. ನಕ್ಕಳೆಂದು ನನಗೆ ಗೊತ್ತು.

ಹುಡುಗ ಕಾಗದದ ಕಟ್ಟನ್ನು ಕೊನೆಯ ಹಾಳೆಯಿಂದ ತೆರೆದ. ಇಲ್ಲಿ ಒಂದು ಸಹಿ, ಇಲ್ಲಿ ಒಂದು ಎಂದು ಬೆರಳಿಟ್ಟ. ನಾನು ಮೊದಲ ಹಾಳೆಗೆ ತಿರುಗಿಸಿದೆ. ಕೋಟು ಬಂದರೂ ಮೊದಲು ಒಳಮಗ್ಗುಲು ಮಗುಚಿ ನೋಡುವವಳು ನಾನು. ಹೊರಗೆ ಒಂದು ತೂತು ಕಂಡರೆ ಒಳಗೆ ಮೂರಿರುತ್ತವೆ. ಓದಿದೆ. ಅವರು ಕಾದರು. ಮಗನ ಕಾಲು ಮೇಜಿನ ಕೆಳಗೆ ಅಲುಗುತ್ತಿತ್ತು. ಟೀ ಆರಿತು.

ಕೊನೆಗೆ ಮಾದರಿ ಪೇಸ್ಲಿಪ್ಪು ಸಿಕ್ಕಿತು. ಅದರಲ್ಲಿ ಎರಡು ಸಾಲು. ಮೇಲೆ 'ಸಂಬಳ' — ಇಷ್ಟೇ ಇಷ್ಟು. ಕೆಳಗೆ 'ಸಾಲ' — ಅದರ ಮೂರರಷ್ಟು.

"ಇದು ಯಾರು ಯಾರಿಗೆ ಕೊಡೋ ಸಾಲ?"

"ಅದು ಸುಮ್ನೆ ಹೆಸರಿಗಮ್ಮ. ನಿಮ್ಮ ದುಡ್ಡೇ. ಸಂಬಳ ಅಂದ್ರೆ ಟ್ಯಾಕ್ಸ್ ಬೀಳುತ್ತೆ, ಸಾಲ ಅಂದ್ರೆ ಬೀಳಲ್ಲ. ಯಾರೂ ವಾಪಸ್ ಕೇಳಲ್ಲ."

"ವಾಪಸ್ ಕೇಳದ ಸಾಲ ಹೆತ್ತ ತಾಯಿನೂ ಕೊಡಲ್ಲ. ನೀವು ಯಾಕೆ ಕೊಡ್ತೀರಿ?"

"ಎಲ್ರೂ ಸಹಿ ಮಾಡಿದಾರಮ್ಮ. ನಿಮ್ಮ ಮಗನೇ ಮೂರು ವರ್ಷದಿಂದ ಇದೇ ಥರ—"

ಅಲ್ಲಿಗೆ ನಿಲ್ಲಿಸಿದ. ಮಗ ನೆಲ ನೋಡುತ್ತಿದ್ದ. ಸೊಸೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಅವಳ ಮುಖ ನೋಡಿದೆ. ಅವಳಿಗೂ ಗೊತ್ತಿರಲಿಲ್ಲ.

ಹುಡುಗನಿಗೆ ಅವನ ಪೆನ್ನು ವಾಪಸ್ ಕೊಟ್ಟೆ. "ಈ ಮನೇಲಿ ಸಾಲ ಮಾಡಲ್ಲ" ಎಂದೆ. ಎಷ್ಟೋ ವರ್ಷದಿಂದ ಹೇಳುತ್ತಾ ಬಂದ ಮಾತು. ಇವತ್ತು ಬಾಯಿಂದ ಬಂದಾಗ ಯಾರೂ ತಲೆ ಎತ್ತಲಿಲ್ಲ.

ಮಾರ್ಚ್ 10, ಸೋಮವಾರ

ಎರಡು ಕೋಟು, ಒಂದು ಉಣ್ಣೆ ಶಾಲು. ಶಾಲಿಗೆ ಇಲಿ ಬಾಯಿ ಹಾಕಿದೆ. ಮಗನೊಂದಿಗೆ ಮಾತಿಲ್ಲ.

ಮಾರ್ಚ್ 12, ಬುಧವಾರ, ಬೆಳಗ್ಗೆ

ಮಗನೇ ಬಂದು ಕೂತ. ಟೂಲ್ ಬ್ಯಾಗು ಹೆಗಲ ಮೇಲೇ ಇತ್ತು.

"ಎಷ್ಟು ಸಾಲ?" ಎಂದೆ.

"ಅದು ಸಾಲ ಅಲ್ಲಮ್ಮ."

"ಕಾಗದದಲ್ಲಿ ಎಷ್ಟು?"

ಹೇಳಿದ. ಈ ಮನೆಯ ಬೆಲೆಯಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆ.

"ಗೊತ್ತಿದ್ದೂ ಯಾಕೆ ಸಹಿ ಹಾಕ್ದೆ?"

"ಬಿಲ್ಡರ್‌ಗೆ ಕಟ್ಟಬೇಕಿತ್ತು. ಬ್ಯಾಂಕ್ ಲೋನ್ ತಗೋಳೋಣ ಅಂದೆ. ನೀನೇನಂದೆ? ಸಾಲದ ಮನೇಲಿ ನನ್ನ ಹೆಣವೂ ಮಲಗಲ್ಲ ಅಂದೆ. ಕಂಪನಿ ಬಿಟ್ಟು ಇವರ ಹತ್ರ ಹೋದ್ರೆ ಕೈಗೆ ಜಾಸ್ತಿ ಬರ್ತಿತ್ತು. ಹೋದೆ. ಸಾಲ ಇಲ್ದೆ ಮನೆ ಆಯ್ತು. ನೀನು ಕಟ್ಟಡಕ್ಕೆಲ್ಲ ಹೇಳ್ಕೊಂಡು ಬಂದೆ."

ಅಷ್ಟೂ ಮಾತು ಒಂದೇ ಉಸಿರಿನಲ್ಲಿ ಆಡಿದ. ಆಮೇಲೆ ಕೆಲಸಕ್ಕೆ ಹೋದ.

ಸೂಜಿಗಳನ್ನೆಲ್ಲ ಎಣ್ಣೆಬಟ್ಟೆಯಲ್ಲಿ ಒರೆಸಿಟ್ಟೆ. ಒರೆಸುವ ದಿನವಲ್ಲ ಇವತ್ತು.

ಮಾರ್ಚ್ 15, ಶನಿವಾರ

ಸೊಸೆಯೇ ಹೊರಡಿಸಿದಳು. ಅವಳ ಶಾಲೆಯ ತೆರಿಗೆ ಲೆಕ್ಕ ನೋಡುವಾಕೆ ಒಬ್ಬಳಿದ್ದಾಳೆ. ಕನ್ನಡಕದ ಅಂಗಡಿಯ ಮೇಲೆ ಆಫೀಸು, ಕಿಟಕಿಯಲ್ಲಿ ಒಣಗಿದ ಗಿಡ. ಬಿಸ್ಕತ್ತು ತಿನ್ನುತ್ತಲೇ ಮಾತಾಡಿದಳು. ಮೊದಲು ನನ್ನ ವಿಷಯ.

"ಆ ಕವರು ಮುಟ್ಟದೇ ಇದ್ದಿದ್ದು ಒಳ್ಳೇದಾಯ್ತು. ನಾಳೆ ಲಾಂಡ್ರಿಯೋರು ಕೊಡಲ್ಲ ಅಂದ್ರೆ ನೀವು ಅಲ್ಲಿ ಕೆಲಸ ಮಾಡಿದೀರಿ ಅನ್ನೋಕೂ ಏನೂ ಇರಲ್ಲ."

"ಏಜೆನ್ಸಿ?"

"ಎಲ್ಲ ಏಜೆನ್ಸಿನೂ ಕೆಟ್ಟದ್ದಲ್ಲಮ್ಮ. ಬಂದಿದ್ದಷ್ಟನ್ನೂ ಸಂಬಳ ಅಂತ ತೋರಿಸಿ, ಟ್ಯಾಕ್ಸ್ ಹಿಡಿದು ಕಟ್ಟಿ, ನಮ್ಮ ಫೀಸು ಇಷ್ಟು ಅಂತ ಬರೆದು ಕೊಡೋರೂ ಇದಾರೆ. ಅಲ್ಲಿ ಕೈಗೆ ಕಡಿಮೆ ಬರುತ್ತೆ. ಕೈಗೆ ತುಂಬಾ ಬಂತು ಅಂದ್ರೇನೇ ಯೋಚನೆ ಮಾಡಬೇಕು. ಸಾಲ, ಉಡುಗೊರೆ, ಮುಂಗಡ — ಸಂಬಳಕ್ಕೆ ಬೇರೆ ಹೆಸರಿಟ್ರು ಅಂದ್ರೆ ಎದ್ದು ಬನ್ನಿ."

"ಎದ್ದು ಬಂದಿದೀನಿ. ನನಗೆ ಮಧ್ಯದಲ್ಲಿ ಯಾರೂ ಬೇಡ. ನನ್ನ ಹೆಸರಲ್ಲಿ ಬಿಲ್ಲು ಕೊಟ್ರೆ?"

"ಕೊಡಬಹುದು. ನಂಬರು ಮಾಡಿಸಬೇಕು, ಬ್ಯಾಂಕಲ್ಲಿ ಬೇರೆ ಖಾತೆ ಇಟ್ರೆ ಒಳ್ಳೇದು. ಬಂದಿದ್ರಲ್ಲಿ ಕಾಲು ಭಾಗ ಪಕ್ಕಕ್ಕೆ ಹಾಕಿ, ಅದು ನಿಮ್ಮದಲ್ಲ ಅಂದ್ಕೊಳ್ಳಿ. ಕೆಲಸದ ದರ, ಹಣ ಕೊಡೋ ದಿನ ಎಲ್ಲಾ ಮೊದಲೇ ಬರೆಸ್ಕೊಳ್ಳಿ."

ಕಾಲು ಭಾಗ! ಆದರೂ ಅವಳ ಮಾತಿನಲ್ಲಿ ಹೊಲಿಗೆ ನೆಟ್ಟಗಿತ್ತು.

ಆಮೇಲೆ ಸೊಸೆ ಗಂಡನ ಒಂದು ಪೇಸ್ಲಿಪ್ಪನ್ನು ಮೇಜಿನ ಮೇಲಿಟ್ಟಳು. ಲೆಕ್ಕದಾಕೆ ಬಿಸ್ಕತ್ತು ಕೆಳಗಿಟ್ಟಳು.

"ಎಷ್ಟು ದಿನದಿಂದ?"

"ಮೂರು ವರ್ಷ."

"ಇದು ಸಂಬಳವೇ, ಸಾಲ ಅಲ್ಲ ಅಂತ ಇಲಾಖೆ ಹೇಳುತ್ತೆ. ಟ್ಯಾಕ್ಸ್ ಕಟ್ಟಬೇಕಾದ್ದು ನಿಮ್ಮೋರೇ. ಏಜೆನ್ಸಿ ಬಾಗಿಲು ಹಾಕ್ಕೊಂಡು ಹೋಗಬಹುದು, ದುಡಿದೋರು ಎಲ್ಲಿಗೆ ಹೋಗ್ತಾರೆ? ತಾವಾಗಿ ಹೋಗಿ ಹೇಳಿದ್ರೆ ಟ್ಯಾಕ್ಸು, ಬಡ್ಡಿ, ಸಣ್ಣ ದಂಡ. ಅವರೇ ಹುಡುಕ್ಕೊಂಡು ಬಂದ್ರೆ ದಂಡ ದೊಡ್ಡದು. ಇನ್ನೊಂದು ಹೇಳ್ತೀನಿ, ಹೆದರಬೇಡಿ — ಆ ಸಾಲದ ಕಾಗದಾನ ಏಜೆನ್ಸಿ ಯಾರಿಗಾದ್ರೂ ಮಾರಿದ್ರೆ, ಕೊಂಡೋರು ಬಂದು ಸಾಲ ತೀರಿಸಿ ಅಂತ ಕೂರ್ತಾರೆ."

ಹೆದರಬೇಡಿ ಎಂದು ಹೇಳಿಯೇ ಹೆದರಿಸುವ ಜನ.

ದಾರಿಯಲ್ಲಿ ಸೊಸೆ ನನ್ನ ಚೀಲ ತೆಗೆದುಕೊಂಡಳು. ಕೊಟ್ಟೆ.

"ನಿನಗೂ ತೋರಿಸಿರಲಿಲ್ವಾ?"

"ಇಲ್ಲ ಅತ್ತೆ. ಕಷ್ಟ ಅಂದ್ರೆ ಬಾಯಿಗೆ ಬೀಗ. ನಿಮ್ಮನ್ನೇ ಹೋಲೋದು."

ಬೇರೆ ದಿನವಾಗಿದ್ದರೆ ತಕ್ಕ ಉತ್ತರ ಕೊಡುತ್ತಿದ್ದೆ. ಬಸ್ಸು ಹತ್ತುವುದಿತ್ತು.

ಮಾರ್ಚ್ 16, ಭಾನುವಾರ

ಮಗ ಒಪ್ಪಲಿಲ್ಲ.

"ಇರಲಾರದೆ ಇರುವೆ ಬಿಟ್ಕೊಂಡ ಹಾಗೆ. ಯಾರೂ ಕೇಳಿಲ್ಲ, ಯಾರಿಗೂ ಗೊತ್ತಿಲ್ಲ. ನಾನೇ ಹೋಗಿ ತಲೆ ಕೊಡ್ಲಾ?"

"ಮಡಿಲಲ್ಲಿ ಕೆಂಡ ಕಟ್ಕೊಂಡು ಯಾರಿಗೂ ಕಾಣ್ತಿಲ್ಲ ಅಂತ ಕೂತಿದೀಯ."

"ನಮ್ಮ ಗುಂಪಲ್ಲಿ ಎಲ್ರೂ ಹೀಗೇ ತಗೊಳ್ಳೋದು."

ಸೊಸೆ: "ಎಲ್ರೂ ಹೆಂಡ್ತಿಗೆ ಹೇಳದೇ ತಗೊಳ್ತಾರಾ?"

ಅವನು ಕೀ ತೆಗೆದುಕೊಂಡು ಹೊರಗೆ ಹೋದ. ಎಲ್ಲೋ ಲಿಫ್ಟು ಸಿಕ್ಕಿಕೊಂಡಿದೆ ಎಂದು ಫೋನು ಬಂತಂತೆ. ಫೋನು ನನಗೆ ಕೇಳಿಸಲಿಲ್ಲ.

ಮಾರ್ಚ್ 27, ಗುರುವಾರ

ಬರೆಯಲಿಲ್ಲ ಇಷ್ಟು ದಿನ. ಕಚೇರಿ, ಬ್ಯಾಂಕು, ಫೋಟೋ, ಮತ್ತೆ ಕಚೇರಿ.

ನಂಬರು ಸಿಕ್ಕಿತು. ಕೌಂಟರಿನ ಹುಡುಗ ವೃತ್ತಿ ಎಂಬಲ್ಲಿ 'ಟೈಲರ್' ಎಂದು ಒತ್ತಿದ.

"ಟೈಲರ್ ಅಲ್ಲ. ರಫು."

"ರಫು ಅಂತ ಆಯ್ಕೆ ಇಲ್ಲ ಅಮ್ಮ. ಎರಡೂ ಒಂದೇ ಅಲ್ವಾ?"

"ಟೈಲರು ಹೊಸ ಬಟ್ಟೆ ಕತ್ತರಿಸ್ತಾನೆ. ನಾನು ಬಟ್ಟೆಗೆ ಕತ್ತರಿ ಮುಟ್ಟಿಸಲ್ಲ."

"ಹಾಗಾದ್ರೆ 'ಇತರೆ' ಅಂತ ಹಾಕ್ಲಾ?"

"ಹಾಕು. ಸುಳ್ಳಿಗಿಂತ ಇತರೆ ಮೇಲು."

ನನ್ನ ಹಿಂದೆ ನಿಂತವರು ನಕ್ಕರು. ನಗಲಿ.

ಇಸ್ತ್ರಿಯ ಮುಂದೆ ಕರಾರಿನ ಹಾಳೆ ಇಟ್ಟೆ. ಲೆಕ್ಕದಾಕೆ ಬರೆದದ್ದು. ತೂತಿಗೆ ಇಷ್ಟು, ಹರಿದದ್ದಕ್ಕೆ ಇಷ್ಟು, ಬಿಲ್ಲು ಕೊಟ್ಟ ಹದಿನೈದು ದಿನದಲ್ಲಿ ಖಾತೆಗೆ ಹಣ. ಅವನ ಹಣೆಯಲ್ಲಿ ಮೊದಲ ಸಲ ಸುಕ್ಕು ಕಂಡೆ.

"ನಮ್ಮ ಮೇಲೆ ನಂಬಿಕೆ ಇಲ್ವಾ ಅಮ್ಮ?"

"ಇದೆ. ಅದಕ್ಕೇ ಬರೆದು ಕೊಡಿ ಅಂದೆ. ಇಲ್ಲದಿದ್ರೆ ಮುಂಗಡ ಕೇಳ್ತಿದ್ದೆ."

ಸಹಿ ಹಾಕಿದ. ಫೆಬ್ರವರಿಯದ್ದೂ ಸೇರಿಸಿ ಮೊದಲ ಬಿಲ್ಲು ಕೊಟ್ಟೆ. ಕೊಡುವ ಮೊದಲು ಮೊತ್ತವನ್ನು ಎರಡು ಸಲ ಕೂಡಿ ನೋಡಿದೆ. ಜೀವಮಾನದಲ್ಲಿ ಯಾರಿಗೂ ಇಷ್ಟು ಕೊಡಿ ಎಂದು ಬರೆದು ಕೊಟ್ಟವಳಲ್ಲ.

ಗುಂಡಿಯಮ್ಮನಿಗೆ ಮೊದಲ ತಿಂಗಳದ್ದು ಆಗಲೇ ಬಂದಿದೆ. "ಅಕ್ಕ, ನಿಮಗಿಂತ ಕಡಿಮೆ ಕೆಲಸ, ನಿಮಗಿಂತ ಜಾಸ್ತಿ ದುಡ್ಡು!" ಎಂದು ಮೇಜು ತಟ್ಟಿದಳು. ಬಿಟ್ಟುಬಿಡು ಆ ಏಜೆನ್ಸಿಯನ್ನು, ನನ್ನ ಹಾಗೆ ನಂಬರು ಮಾಡಿಸು, ನಾನೇ ಜೊತೆಗೆ ಬರುತ್ತೇನೆ ಎಂದೆ. ಸಾಲದ ಮಾತೂ ಬಿಡಿಸಿ ಹೇಳಿದೆ. ಕೇಳಿಸಿಕೊಂಡು ಸೂಜಿಗೆ ದಾರ ಪೋಣಿಸಿದಳು.

ಮಗನ ಸುದ್ದಿ: ಮನೆಗೆ ಬರುತ್ತಾನೆ, ಉಣ್ಣುತ್ತಾನೆ, ಮಲಗುತ್ತಾನೆ.

ಏಪ್ರಿಲ್ 5, ಶನಿವಾರ

ಗುಂಡಿಯಮ್ಮನಿಗೆ ಎರಡನೇ ತಿಂಗಳ ಹಣ ಬರಲಿಲ್ಲ. ಫೋನು ಎತ್ತುವವರಿಲ್ಲ. ಒಬ್ಬಳೇ ಹೋಗಲು ಧೈರ್ಯ ಸಾಲದೆ ನನ್ನನ್ನು ಕರೆದಳು. ಇಬ್ಬರೂ ಬಸ್ಸಿನಲ್ಲಿ ಹೋದೆವು.

ಜಾಗ ಅದೇ. ಬೋರ್ಡಿನಲ್ಲಿ ಛತ್ರಿ ಇಲ್ಲ. ಹುಟ್ಟುವ ಸೂರ್ಯನ ಚಿತ್ರ, ಬೇರೆ ಹೆಸರು. ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಒಳಗೆ ಕೂತವನು ನಮ್ಮ ಮನೆಗೆ ಬಂದಿದ್ದ ಅದೇ ಹುಡುಗ.

"ಅದು ಬೇರೆ ಕಂಪನಿ ಅಮ್ಮ. ಮುಚ್ಚಿಹೋಯ್ತು. ಇದು ಬೇರೆ."

"ಮುಖ ಮಾತ್ರ ಹಳೇದೇ ಇಟ್ಕೊಂಡಿದೀರಲ್ಲಪ್ಪ."

"ನಾನು ಇಲ್ಲಿ ನೌಕರ ಅಷ್ಟೇ ಅಮ್ಮ."

"ಇವಳ ದುಡ್ಡು?"

"ಹಳೇ ಕಂಪನಿಯೋರನ್ನ ಕೇಳಬೇಕು."

"ಅವರೆಲ್ಲಿದಾರೆ?"

ಹುಡುಗ ಕಂಪ್ಯೂಟರು ನೋಡಿದ. ಅದರ ಪರದೆ ಆರಿತ್ತು.

ಗುಂಡಿಯಮ್ಮ ಬಸ್‌ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತು ಅತ್ತಳು. ಕರವಸ್ತ್ರ ಕೊಟ್ಟೆ. ನಾನು ಹೇಳಿದ್ದೆನಲ್ಲ ಎಂದು ಹೇಳಲಿಲ್ಲ. ಹೇಳಬಹುದಿತ್ತು.

"ಅಕ್ಕ, ಬೈದುಬಿಡಿ. ನೀವು ಬೈಯದೇ ಇದ್ರೆ ಇನ್ನೂ ಭಯ ಆಗುತ್ತೆ."

"ಸೋಮವಾರ ಕಚೇರಿಗೆ ಹೋಗೋಣ, ನಂಬರು ಮಾಡಿಸೋಣ. ಫೋಟೋ ತಗೊಂಡು ಬಾ. ಬಾಯಿ ಮುಚ್ಚಿರೋ ಫೋಟೋ."

ಅಳುವಿನ ಮಧ್ಯೆಯೇ ನಕ್ಕಳು.

ಮನೆಯಲ್ಲಿ ಊಟಕ್ಕೆ ಕೂತಾಗ ಇದನ್ನೆಲ್ಲ ಸೊಸೆಗೆ ಹೇಳಿದೆ. ಮಗನಿಗೆಂದು ಹೇಳಲಿಲ್ಲ, ಅವನು ಎದುರಿಗಿದ್ದ. ಅವನ ಕೈ ತಟ್ಟೆಯಲ್ಲೇ ನಿಂತಿತು.

"ಹಳೇ ಕಾಗದಗಳೆಲ್ಲ ಯಾರ ಹತ್ರ ಇವೆಯಂತೆ?" ಎಂದ. ಎಷ್ಟೋ ದಿನದ ಮೇಲೆ ನನಗೆ ಆಡಿದ ಮೊದಲ ಮಾತು.

"ಹೊಸ ಸೂರ್ಯನನ್ನ ಕೇಳಬೇಕು."

ಏಪ್ರಿಲ್ 14, ಸೋಮವಾರ, ಮಧ್ಯಾಹ್ನ 3

ಮಗ ತೆರಿಗೆ ಕಚೇರಿಗೆ ಹೋಗಿ ಬಂದ. ಲೆಕ್ಕದಾಕೆಯ ಜೊತೆ. ನಾವು ಯಾರೂ ಬರುವುದು ಬೇಡ ಎಂದ. ನಾನು ಕೆಲಸಕ್ಕೆ ಹೋಗದೆ ಮನೆಯಲ್ಲಿದ್ದೆ. ಕಾರಣ, ತಲೆನೋವು ಎಂದು ಇಸ್ತ್ರಿಗೆ ಹೇಳಿದ್ದೇನೆ.

ಬಂದವನು ಎರಡು ಲೋಟ ನೀರು ಕುಡಿದ.

"ಅಧಿಕಾರಿ ಹೆಂಗಸು. ನಿನ್ನ ವಯಸ್ಸು ಇರಬಹುದು. ಬೈಯಲಿಲ್ಲ. ಕಾಗದ ಎಲ್ಲಾ ನೋಡಿದ್ರು. ಆಮೇಲೆ, ನಿಮ್ಮ ಬಾಯಲ್ಲಿ ಹೇಳಿ, ಈ ದುಡ್ಡು ಸಾಲಾನಾ ಸಂಬಳಾನಾ ಅಂದ್ರು."

"ಏನಂದೆ?"

"ಸಂಬಳ ಅಂದೆ. ಲಿಫ್ಟಿನ ಗುಂಡೀಲಿ ಇಳಿದು ದುಡಿದಿದ್ದು ಅಂದೆ." ಲೋಟ ಕೆಳಗಿಟ್ಟ. "ಹಾಗಂತ ಹೇಳಿದ ಮೇಲೆ ಸ್ವಲ್ಪ ಹಗುರ ಆಯ್ತಮ್ಮ."

ಬೆಳಗ್ಗೆಯ ತಿಂಡಿ ಮುಚ್ಚಿಟ್ಟಿದ್ದೆ. ಬಿಸಿ ಮಾಡಿ ಕೊಟ್ಟೆ. ಅವನು ತಿನ್ನುವುದನ್ನು ನೋಡುತ್ತಾ ಕೂರಲಿಲ್ಲ. ಕಿಟಕಿಯ ಹತ್ತಿರ ಕೆಲಸ ಇತ್ತು.

ಏಪ್ರಿಲ್ 21, ಸೋಮವಾರ

ಲೆಕ್ಕ ಬಂತು. ಮೂರು ವರ್ಷದ ತೆರಿಗೆ, ಬಡ್ಡಿ, ದಂಡ. ಲೆಕ್ಕದಾಕೆ ಹೇಳಿದ ಹಾಗೆ ದಂಡ ಸಣ್ಣದೇ. ಉಳಿದದ್ದು ಸಣ್ಣದಲ್ಲ. ಇಲಾಖೆ ಆರು ತಿಂಗಳ ಕಂತು ಕೊಡುತ್ತದೆ. ಆರು ತಿಂಗಳಲ್ಲಿ ಅಷ್ಟು ಕಟ್ಟಬೇಕಾದರೆ ಇವರು ಗಾಳಿ ತಿಂದು ಬದುಕಬೇಕು. ಬ್ಯಾಂಕಿನವರಾದರೆ ಮನೆಯ ಮೇಲೆ ಹತ್ತು ವರ್ಷಕ್ಕೆ ಕೊಡುತ್ತಾರೆ, ತಿಂಗಳ ಕಂತು ತಡೆಯುವ ಹಾಗಿರುತ್ತದೆ. ಮನೆ ಮಗನ ಹೆಸರಿನಲ್ಲಿಲ್ಲ. ಸಾಲ ಮಾಡಬೇಕಾದವಳು ನಾನು.

ಇದನ್ನು ನನ್ನ ಮುಂದೆ ಯಾರೂ ಹೇಳಲಿಲ್ಲ. ಲೆಕ್ಕದಾಕೆ ಬರೆದು ಕೊಟ್ಟ ಹಾಳೆಯನ್ನು ಮೇಜಿನ ಮೇಲೆ ಬಿಟ್ಟಿದ್ದರು. ಓದಲಿ ಎಂದೇ ಬಿಟ್ಟದ್ದು. ಓದಿದೆ.

ಸಂಜೆ ಸೊಸೆ: "ಅತ್ತೆ, ನಿಮಗೆ ಆಗದ್ದನ್ನ ಮಾಡೋದು ಬೇಡ. ಮನೆ ಮಾರೋಣ. ಬಾಡಿಗೆ ಮನೇಲಿ ಇದ್ದಿದ್ದೋರೇ ಅಲ್ವಾ ನಾವು?"

ಮಗ ಅವಳ ಕಡೆ ನೋಡಿದ. ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದಾರೆ. ನನಗೆ ಹೇಗೆ ಹೇಳುವುದು ಎಂದು ಅಭ್ಯಾಸವನ್ನೂ ಮಾಡಿಕೊಂಡಿರಬೇಕು.

"ನೋಡೋಣ" ಎಂದೆ.

ಏಪ್ರಿಲ್ 24, ಗುರುವಾರ

ಮೂರು ಕೋಟು. ಗುಂಡಿಯಮ್ಮನ ನಂಬರು ಬಂತು. ವೃತ್ತಿ: ಟೈಲರ್. ಅವಳು ತಿದ್ದಿಸಲಿಲ್ಲ. "ದೊಡ್ಡ ಹೆಸರು ಸಿಕ್ಕಿದೆ, ಯಾಕೆ ಬಿಡ್ಲಿ ಅಕ್ಕ?"

ಏಪ್ರಿಲ್ 29, ಮಂಗಳವಾರ

ಎದುರು ಮನೆಯಾಕೆ ಲಿಫ್ಟಿನಲ್ಲಿ ಸಿಕ್ಕಳು. "ನಿಮಗೇನ್ರೀ, ಸಾಲ ಇಲ್ಲ ಸೋಲ ಇಲ್ಲ, ನೆಮ್ಮದಿ" ಎಂದಳು. ನಾಲ್ಕು ಮಹಡಿ ಇಳಿಯುವವರೆಗೂ ಅವಳ ಮುಖವನ್ನೇ ನೋಡುತ್ತಿದ್ದೆ. ವ್ಯಂಗ್ಯವಲ್ಲ. ನಾನೇ ಕಲಿಸಿದ ಮಾತು.

ನೆಲ ಮುಟ್ಟಿದಾಗ ಹೇಳಿದೆ: "ಇನ್ಮೇಲೆ ನಮಗೂ ಇರುತ್ತೆ ಕಣ್ರೀ. ಬ್ಯಾಂಕಿಂದು."

ಅವಳಿಗೆ ಬಾಯಿ ಮುಚ್ಚಲಿಲ್ಲ. ಮನೆಯವರಿಗಿಂತ ಮೊದಲು ಅವಳಿಗೆ ಗೊತ್ತಾಯಿತು. ಆಗಲಿ. ಹೇಳಿಕೊಂಡು ತಿರುಗಿದ್ದು ನಾನು, ಇದನ್ನೂ ನಾನೇ ಹೇಳಬೇಕು.

ಸಂಜೆ ಮಗನನ್ನು ಕರೆದೆ.

"ಯಾವ ಬ್ಯಾಂಕು?"

"ಯಾವುದಮ್ಮ?"

"ಸಾಲಕ್ಕೆ. ಬಡ್ಡಿ ಎಲ್ಲಿ ಕಡಿಮೆ?"

ಅವನು ಕುರ್ಚಿ ಎಳೆದು ಕೂತ. "ಅಮ್ಮ, ನಿನ್ನ ಮೇಲೆ ಒತ್ತಾಯ ಇಲ್ಲ. ಮಾರಿದ್ರೂ—"

"ನನ್ನ ಮಾತು ಉಳಿಸೋಕೆ ಒಂದು ಸಲ ಸಹಿ ಹಾಕ್ದೆ. ಈಗ ಅದಕ್ಕೇ ಮನೆನೂ ಮಾರಬೇಡ. ಆ ಸಾಲ ಸುಳ್ಳು. ಇದು ನಿಜವಾದ್ದು, ಕೊಟ್ಟೋನಿಗೂ ಮುಖ ಇದೆ, ತಗೊಂಡೋರಿಗೂ ಇದೆ. ತೀರಿಸಬಹುದು. ನನ್ನ ಬಿಲ್ಲಿಂದ ನನ್ನ ಪಾಲು ಕಟ್ತೀನಿ."

"ಕಾಲು ಭಾಗ ತೆಗೆದಿಟ್ಟು" ಎಂದಳು ಸೊಸೆ, ಬಾಗಿಲಿನಿಂದ.

"ಅದನ್ನ ನೀನು ಹೇಳ್ಕೊಡಬೇಕಾ?"

ಮಗ ಏನೋ ಹೇಳಲು ಬಾಯಿ ತೆರೆದ. ಬೇಡ ಎಂದು ಕೈ ಮಾಡಿದೆ. ಅಳುವ ಗಂಡಸರನ್ನು ನೋಡಲು ನನಗಾಗುವುದಿಲ್ಲ. ಇನ್ನು ಮೇಲೆ ಅವನೂ ತನ್ನ ಹೆಸರಿನಲ್ಲೇ ಬಿಲ್ಲು ಕೊಡಬೇಕು, ಪ್ರತಿ ತಿಂಗಳ ಕಾಗದವನ್ನು ಹೆಂಡತಿಗೆ ತೋರಿಸಬೇಕು ಎಂದೆ. ತಲೆಯಾಡಿಸಿದ.

ಮೇ 5, ಸೋಮವಾರ, ಬೆಳಗ್ಗೆ 9

ಇವತ್ತು ಬ್ಯಾಂಕು. ಮಗ ತಾನೇ ಅಂಗಿಗೆ ಇಸ್ತ್ರಿ ಹಾಕಿಕೊಂಡ, ಕಾಲರು ಸುಟ್ಟುಕೊಂಡ. ಬೇರೆ ಅಂಗಿ ಹಾಕಿಸಿದೆ. ಸುಟ್ಟದ್ದನ್ನು ತೆಗೆದಿಟ್ಟಿದ್ದೇನೆ, ಭಾನುವಾರ ನೋಡಬೇಕು.

"ಅಮ್ಮ, ನೀನು ಬರಲೇಬೇಕು ಅಂತಿಲ್ಲ. ಹಿರಿಯರು ಅಂದ್ರೆ ಅವರೇ ಮನೆಗೆ ಬಂದು ಸಹಿ ತಗೋತಾರೆ" ಎಂದ.

ಮನೆಗೆ ಬಂದು ಸಹಿ ತೆಗೆದುಕೊಳ್ಳುವವರನ್ನು ಒಮ್ಮೆ ನೋಡಿದ್ದೇನೆ, ಸಾಕು ಎಂದೆ. ಸಾಲ ಕೇಳುವವಳು ಎದ್ದು ಹೋಗಿ, ಎದುರು ಕೂತು, ಪೂರ್ತಿ ಓದಿ ಕೇಳಬೇಕು. ಹನ್ನೆರಡು ಹಾಳೆ ಇದೆಯಂತೆ. ಬ್ಯಾಂಕಿನವರು ಕಾಯಲಿ. ಕನ್ನಡಕ ಒರೆಸಿ ಇಟ್ಟುಕೊಂಡಿದ್ದೇನೆ.

ರೇಷ್ಮೆ ಉಡುವುದೋ ಹತ್ತಿಯದೋ ಎಂದು ಸ್ವಲ್ಪ ಹೊತ್ತು ನಿಂತೆ. ಹತ್ತಿಯದನ್ನೇ ಉಟ್ಟೆ. ಆಮೇಲೆ ಬಿಚ್ಚಿ ರೇಷ್ಮೆ ಉಟ್ಟೆ.

ಮನೆಯ ಕಾಗದ ಚೀಲದಲ್ಲಿದೆಯೇ ಎಂದು ಮೂರು ಸಲ ನೋಡಿದೆ. ವಯಸ್ಸು.

ಸೊಸೆ ಕೆಳಗಿನಿಂದ ಕೂಗುತ್ತಿದ್ದಾಳೆ. ಲಿಫ್ಟು ಕೆಟ್ಟು ನಿಂತಿದೆಯಂತೆ! ಲಿಫ್ಟಿನವನ ಮನೆಯವರೇ ಮೆಟ್ಟಿಲು ಇಳಿಯಬೇಕು. ಮಗ ಬಾಗಿಲಲ್ಲಿ ನಿಂತು ಕೈ ಚಾಚಿದ್ದಾನೆ, ಹಿಡಿದುಕೋ ಎಂದು. ನನಗೆ ಯಾರ ಕೈಯೂ ಬೇಕಿಲ್ಲ, ಎರಡು ಕಾಲು ಗಟ್ಟಿಯಾಗಿವೆ ಎಂದೆ. ಅವನು ಕೈ ಹಾಗೇ ಇಟ್ಟುಕೊಂಡು ನಿಂತಿದ್ದಾನೆ. ಉಳಿದದ್ದು ಬಂದ ಮೇಲೆ ಬರೆಯುತ್ತೇನೆ.